ಒಂದು ಕಿರು ಎಂಜಿನಿನ ರಚನೆಯೂ ರಿಪೇರಿಯೂ

ಚಿಕ್ಕಮಗಳೂರಿನಿಂದ ಮುತ್ತೋಡಿಯ ಕಾಡಿನ ಕಡೆಗೆ ಹೋಗುವ ಹಾದಿಯಲ್ಲಿ ಮಲ್ಲಂದೂರೆಂಬ ಊರಿರುವುದು. ಅದರ ಸುತ್ತಣ ಬೆಟ್ಟಗಳ ಇಳಿಜಾರುಗಳಲ್ಲೆಲ್ಲಾ ಕಾಫಿಯ ತೋಟಗಳು ಹಬ್ಬಿರುತ್ತವೆ. ಅಂಥ ತೋಟವೊಂದರ ಲೈನು ಮನೆಯಲ್ಲಿ ಬೆಳೆದು, ಈ ಶಾಲೆಯ ವಿದ್ಯಾರ್ಥಿನಿಲಯದಲ್ಲಿದ್ದು ಓದಿದ ಅಕ್ಕತಂಗಿಯರಿಬ್ಬರು ನಾವು. ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಕೇಳಿದಾಗ, ನಮಗೆ ಚೆನ್ನಾಗಿ ತಿಳಿದ ಒಂದೇ ವಿಷಯವನ್ನು ಬರೆಯುವುದು ಲೇಸೆಂದು ತೋರಿತು. ಆ ವಿಷಯವು ಅಂಗೈಯ ಮೇಲೆ ಹಿಡಿಯಬಹುದಾದ ಒಂದು ಎಂಜಿನು.

ನಮ್ಮ ಅಜ್ಜನವರು ತೋಟದ ಪಲ್ಪರ್ ಮನೆಯಲ್ಲಿ ಎಂಜಿನು ನೋಡಿಕೊಳ್ಳುತ್ತಿದ್ದರು. ಕಾಫಿಯ ಹಣ್ಣನ್ನು ಕೊಯ್ದ ದಿನವೇ ಪಲ್ಪರಿಗೆ ಹಾಕಿ ಸಿಪ್ಪೆ ಸುಲಿಯಬೇಕು. ರಾಶಿಯಲ್ಲಿ ಹಾಗೆಯೇ ಬಿಟ್ಟರೆ ಹಣ್ಣು ಕಾವೇರಿ ಹುಳಿಯತೊಡಗುವುದು. ಬೀಜದ ರುಚಿ ಕೆಡುವುದು. ವರ್ಷದ ದುಡಿಮೆಯ ಬೆಲೆಯು ಒಂದು ರಾತ್ರಿಯಲ್ಲಿ ಇಳಿದುಹೋಗುವುದು. ಆದುದರಿಂದ ನವಂಬರಿನಿಂದ ಜನವರಿಯವರೆಗಿನ ಕೊಯ್ಲಿನ ಕಾಲದಲ್ಲಿ ಎಂಜಿನಿನ ಸದ್ದು ನಿಂತಿತೆಂದರೆ ತೋಟದವರೆಲ್ಲರ ಎದೆಯೂ ಒಮ್ಮೆ ನಿಂತಂತಾಗುತ್ತಿತ್ತು. ವಿದ್ಯುತ್ತು ಬಂದ ಮೇಲೆ ಮೋಟಾರು ಕೂರಿಸಿದರಾದರೂ, ಮರ ಬಿದ್ದು ತಂತಿ ಹರಿದ ದಿನಗಳಿಗಾಗಿ ಹಳೆಯ ಡೀಸೆಲ್ ಎಂಜಿನನ್ನು ತೆಗೆಯದೆ ಇಟ್ಟುಕೊಂಡಿದ್ದರು.

ನಿಂತ ಎಂಜಿನಿನ ಮುಂದೆ ಜನರು ಮಾಡುವುದನ್ನು ನಾವು ಚಿಕ್ಕಂದಿನಿಂದಲೂ ನೋಡಿದ್ದೆವು. ಒಬ್ಬರು ಅದನ್ನು ಬೈಯುವರು. ಒಬ್ಬರು ಕೈಗೆ ಸಿಕ್ಕಿದ ನಟ್ಟನ್ನು ತಿರುಗಿಸುವರು. ಮತ್ತೊಬ್ಬರು ಅದಕ್ಕೆ ಮುಹೂರ್ತ ಸರಿಯಿಲ್ಲವೆನ್ನುವರು. ಅಜ್ಜನವರು ಮಾತ್ರ ಸುಮ್ಮನೆ ನಿಂತು ನೋಡಿ, "ಎಂಜಿನಿಗೆ ಕೋಪವಿಲ್ಲ ಮಕ್ಕಳಿರಾ, ಹಸಿವುಂಟು. ಯಾವುದರ ಹಸಿವೆಂದು ಕೇಳಬೇಕು, ಅಷ್ಟೆ" ಎನ್ನುತ್ತಿದ್ದರು. ಕೇಳುವುದು ಹೇಗೆಂದು ನಾವು ಪೀಡಿಸಲು, ದೊಡ್ಡ ಎಂಜಿನನ್ನು ಮುಟ್ಟಗೊಡದೆ, ನಮ್ಮ ಎಂಟನೆಯ ತರಗತಿಯ ಬೇಸಿಗೆಯ ರಜೆಯಲ್ಲಿ ಚಿಕ್ಕದೊಂದನ್ನು ಮಾಡಿಕೊಡಲು ಒಪ್ಪಿದರು.

ಎಂಜಿನೆಂದರೇನು ಎಂಬುದನ್ನು ಮೊದಲು ಹೇಳತಕ್ಕದ್ದು. ಒಲೆಯ ಬೆಂಕಿಯು ಪಾತ್ರೆಯ ಹೊರಗೆ ಉರಿಯುವುದು. ಹಳೆಯ ರೈಲಿನ ಉಗಿಯಂತ್ರದಲ್ಲಿಯೂ ಹಾಗೆಯೇ. ನಾವು ಹೇಳುತ್ತಿರುವ ಎಂಜಿನಿನಲ್ಲಾದರೋ ಬೆಂಕಿಯು ಸಿಲಿಂಡರೆಂಬ ಕೊಳವೆಯ ಒಳಗೇ ಉರಿದು, ಅದರೊಳಗಿನ ಪಿಸ್ಟನ್ನೆಂಬ ಗಟ್ಟಿಯನ್ನು ನೇರವಾಗಿ ತಳ್ಳುವುದು. 1860ರಲ್ಲಿ ಪ್ಯಾರಿಸಿನಲ್ಲಿ ಲೆನ್ವಾರ್ ಎಂಬವನು ಇಂಥದೊಂದನ್ನು ಗ್ಯಾಸಿನಿಂದ ಓಡಿಸಿದನು. ಆದರೆ ಅವನು ಗ್ಯಾಸನ್ನು ಒತ್ತದೆಯೇ ಹೊತ್ತಿಸುತ್ತಿದ್ದುದರಿಂದ ಇಂಧನವು ಬಹಳ ವ್ಯಯವಾಗುತ್ತಿತ್ತು. 1876ರಲ್ಲಿ ಜರ್ಮನಿಯ ನಿಕೊಲಾಸ್ ಆಟೋ ಎಂಬವನು, ಮೊದಲು ಒತ್ತಿ ಬಳಿಕ ಹೊತ್ತಿಸುವ ನಾಲ್ಕು ಹೊಡೆತಗಳ ಎಂಜಿನನ್ನು ಸಿದ್ಧಪಡಿಸಿದನು. ಇಂದಿಗೂ ಪೆಟ್ರೋಲಿನಿಂದ ಓಡುವ ಕಾರು ಮತ್ತು ಮೋಟಾರು ಸೈಕಲ್ಲುಗಳು ಆ ಕ್ರಮವನ್ನೇ ಅನುಸರಿಸುತ್ತವೆ.

ಆ ನಾಲ್ಕು ಹೊಡೆತಗಳು ಯಾವುವೆಂದರೆ: ಪಿಸ್ಟನ್ನು ಕೆಳಗಿಳಿಯುತ್ತಾ ಗಾಳಿಯನ್ನೂ ಪೆಟ್ರೋಲಿನ ಆವಿಯನ್ನೂ ಒಳಗೆಳೆದುಕೊಳ್ಳುವುದು ಒಂದನೆಯದು. ಮೇಲೇರುತ್ತಾ ಅದನ್ನು ಒತ್ತುವುದು ಎರಡನೆಯದು. ಆಗ ಕಿಡಿ ತಾಕಿ ಹೊತ್ತಿಕೊಂಡ ಮಿಶ್ರಣವು ಹಿಗ್ಗಿ ಪಿಸ್ಟನ್ನನ್ನು ಕೆಳಕ್ಕೆ ನೂಕುವುದು ಮೂರನೆಯದು. ಮತ್ತೆ ಮೇಲೇರುತ್ತಾ ಹೊಗೆಯನ್ನು ಹೊರದೂಡುವುದು ನಾಲ್ಕನೆಯದು. ಈ ನಾಲ್ಕರಲ್ಲಿ ಮೂರನೆಯದೊಂದೇ ದುಡಿಯುವ ಹೊಡೆತ. ಉಳಿದ ಮೂರನ್ನೂ ಚಕ್ರದ ಓಟವೇ ಎಳೆದುಕೊಂಡು ಹೋಗಬೇಕು. ಕಾಲಿನಿಂದ ತುಳಿಯುವ ಹೊಲಿಗೆಯ ಯಂತ್ರವನ್ನು ಬಲ್ಲ ನಮ್ಮ ಓದುಗ ಸೋದರಿಯರಿಗೆ ಇದು ಕಷ್ಟವಲ್ಲ. ಅಲ್ಲಿ ಪಾದದ ಹಲಗೆಯು ಮೇಲೆ ಕೆಳಗೆ ಆಡುವುದು. ಅದಕ್ಕೆ ಸೇರಿದ ಸರಳು ಆ ಆಟವನ್ನು ಚಕ್ರದ ಸುತ್ತಾಟವಾಗಿ ಮಾರ್ಪಡಿಸುವುದು. ಪಾದವು ನೂಕದ ಗಳಿಗೆಯಲ್ಲಿ ಭಾರವಾದ ಚಕ್ರವೇ ಮುಂದಕ್ಕೆ ಸಾಗಿಸುವುದು. ಪಾದದ ಸ್ಥಾನದಲ್ಲಿ ಬೆಂಕಿಯನ್ನಿಟ್ಟರೆ ಎಂಜಿನಾಯಿತು.

ನಮ್ಮ ಕಿರು ಎಂಜಿನಿನ ಸಿಲಿಂಡರು 25 ಮಿಲಿಮೀಟರ್ ಅಗಲದ್ದು. ಅದನ್ನೂ ಪಿಸ್ಟನ್ನನ್ನೂ ಎರಕದ ಕಬ್ಬಿಣದ ತುಂಡುಗಳಿಂದ ಚಿಕ್ಕಮಗಳೂರಿನ ಒಂದು ವರ್ಕ್‌ಶಾಪಿನಲ್ಲಿ ಲೇಥಿಗೆ ಕೊಟ್ಟು ಮಾಡಿಸಿದೆವು. ಆ ಲೇಥು ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯದು. 1941ರಲ್ಲಿ ಹುಟ್ಟಿದ ಆ ಕಾರ್ಖಾನೆಯು ಈಗ ನಡೆಯುತ್ತಿಲ್ಲವಾದರೂ, ಅದರ ಲೇಥುಗಳು ಚಿಕ್ಕ ಊರುಗಳಲ್ಲಿ ಇನ್ನೂ ದುಡಿಯುತ್ತಿರುವುದನ್ನು ಕಾಣಬಹುದು. ಪಿಸ್ಟನ್ನಿಗೂ ಸಿಲಿಂಡರಿಗೂ ನಡುವಣ ಸಂದು ತಲೆಗೂದಲಿನ ದಪ್ಪದ ಕಾಲುಭಾಗಕ್ಕಿಂತ ಹೆಚ್ಚಿರಕೂಡದೆಂದು ಅಜ್ಜನವರು ಹೇಳಿ, ನುಣುಪಾದ ಅರೆಪಿನ ಪುಡಿಯನ್ನು ಎಣ್ಣೆಯಲ್ಲಿ ಕಲಸಿಕೊಟ್ಟರು. ನಾವಿಬ್ಬರೂ ಸರದಿಯಂತೆ ಕೂತು ಮೂರು ದಿನ ಒಂದನ್ನೊಂದರಲ್ಲಿ ಉಜ್ಜಿದೆವು. ಕಡೆಗೆ ಸೀಮೆಎಣ್ಣೆಯಿಂದ ಚೆನ್ನಾಗಿ ತೊಳೆದು, ತೆಳ್ಳಗೆ ಎಣ್ಣೆ ಸವರಿ, ಕೆಳಬಾಯನ್ನು ಹೆಬ್ಬೆರಳಿನಿಂದ ಮುಚ್ಚಿ ಹಿಡಿದರೆ, ಪಿಸ್ಟನ್ನು ತನ್ನ ಭಾರದಿಂದ ಇಳಿಯದೆ ಗಾಳಿಯ ಮೇಲೆ ನಿಂತುಬಿಟ್ಟಿತು. ಆ ದಿನ ನಮಗಾದ ಸಂತೋಷವನ್ನು ಹೇಳತೀರದು.

ಕ್ರ್ಯಾಂಕಿನ ತಟ್ಟೆಯಲ್ಲಿ ನಡುವಿನಿಂದ 15 ಮಿ.ಮೀ. ದೂರಕ್ಕೆ ಒಂದು ಗೂಟವನ್ನು ಕೂರಿಸಿದೆವು. ತಟ್ಟೆಯು ಅರ್ಧ ಸುತ್ತು ತಿರುಗುವಷ್ಟರಲ್ಲಿ ಗೂಟವು ಅದರ ಇಮ್ಮಡಿ, ಎಂದರೆ 30 ಮಿ.ಮೀ. ಇಳಿಯುವುದರಿಂದ ಪಿಸ್ಟನ್ನಿನ ಓಡಾಟವೂ ಅಷ್ಟೇ ಆಗುವುದು. ಲೆಕ್ಕ ಹಾಕಿದರೆ ಒಂದು ಸಲಕ್ಕೆ ಒಳಗೆಳೆಯುವ ಗಾಳಿಯು ಸುಮಾರು 15 ಘನ ಸೆಂಟಿಮೀಟರ್, ಮೂರು ಚಹದ ಚಮಚಗಳಷ್ಟು. ಪೆಟ್ರೋಲು ಪೂರ್ತಿಯಾಗಿ ಉರಿಯಲು ತೂಕದಲ್ಲಿ ತನ್ನ ಹದಿನೈದು ಪಾಲಿನಷ್ಟು ಗಾಳಿ ಬೇಕು. ಆ ಲೆಕ್ಕದಲ್ಲಿ ಒಂದು ಹೊಡೆತಕ್ಕೆ ಬೇಕಾದ ಪೆಟ್ರೋಲು ಒಂದು ಮಿಲಿಗ್ರಾಮಿಗೆ ತುಸು ಹೆಚ್ಚು. ಒಂದು ತೊಟ್ಟು ಹತ್ತಾರು ಹೊಡೆತಗಳಿಗೆ ಸಾಕು. ಇಷ್ಟು ಸಣ್ಣ ಅಳತೆಯನ್ನು ಹದವಾಗಿ ಬಿಡುವುದಕ್ಕೆ ನಮಗೆ ಒದಗಿದ್ದು ಗೋಣಿ ಹೊಲಿಯುವುದಕ್ಕಲ್ಲದ, ಬಟ್ಟೆ ಹೊಲಿಯುವ ಒಂದು ಸಣ್ಣ ಸೂಜಿ. ಹಿತ್ತಾಳೆಯ ಕೊಳವೆಯ ನಡುವನ್ನು ಕಿರಿದುಗೊಳಿಸಿ, ಅಲ್ಲಿಗೆ ಪೆಟ್ರೋಲಿನ ರಂಧ್ರವನ್ನಿಟ್ಟು, ರಂಧ್ರದ ಬಾಯಲ್ಲಿ ಸೂಜಿಯ ತುದಿಯು ತಿರುಪಿನಿಂದ ಹಿಂದೆ ಮುಂದೆ ಸರಿಯುವಂತೆ ಮಾಡಿದೆವು. ಕಿರಿದಾದೆಡೆಯಲ್ಲಿ ಗಾಳಿಯು ವೇಗವಾಗಿ ಹರಿಯುವಾಗ ಅದರ ಒತ್ತಡವು ಕುಗ್ಗಿ ಪೆಟ್ರೋಲನ್ನು ಮೇಲಕ್ಕೆಳೆದುಕೊಳ್ಳುವುದು. ಇದಕ್ಕೇ ಕಾರ್ಬುರೇಟರೆಂದು ಹೆಸರು.

ಸಿಲಿಂಡರಿನ ತಲೆಯಲ್ಲಿ ಎರಡು ವಾಲ್ವುಗಳುಂಟು. ಗಾಳಿ ಬರುವ ವಾಲ್ವಿಗೆ ಬರೆಯುವ ಪೆನ್ನಿನೊಳಗಿನ ಸಣ್ಣ ಸ್ಪ್ರಿಂಗೇ ಸಾಕಾಯಿತು. ಪಿಸ್ಟನ್ನು ಎಳೆದಾಗ ಅದು ತಾನಾಗಿಯೇ ತೆರೆಯುವುದು. ಹೊಗೆ ಹೋಗುವ ವಾಲ್ವನ್ನು ಮಾತ್ರ ಕ್ಯಾಮೆಂಬ ಉಬ್ಬಿನಿಂದ ಒತ್ತಿ ತೆರೆಯಬೇಕು. ಎರಡು ಸುತ್ತಿಗೆ ಒಮ್ಮೆ ಮಾತ್ರ ಅದು ತೆರೆಯತಕ್ಕದ್ದಾದುದರಿಂದ ಕ್ರ್ಯಾಂಕಿಗೆ 20 ಹಲ್ಲಿನ ಚಕ್ರವನ್ನೂ ಕ್ಯಾಮಿಗೆ 40 ಹಲ್ಲಿನ ಚಕ್ರವನ್ನೂ ಜೋಡಿಸಿದೆವು. ಕಿಡಿಗೆ ಒಂದು ಚಿಕ್ಕ ಸ್ಪಾರ್ಕ್ ಪ್ಲಗ್, ಹಳೆಯ ಸ್ಕೂಟರಿನ ಕಾಯಿಲು, 6 ವೋಲ್ಟಿನ ಬ್ಯಾಟರಿ. ಓಟದ ಚಕ್ರಕ್ಕೆ ಮುರಿದ ಹೊಲಿಗೆಯ ಯಂತ್ರದ ಕೈಚಕ್ರ. ಸಿಲಿಂಡರು ಸುಡದಂತೆ ಅದರ ಸುತ್ತ ತಗಡಿನ ತೊಟ್ಟಿಯೊಂದನ್ನು ಕಟ್ಟಿ ನೀರು ತುಂಬಿದೆವು. ತೆರೆದ ತೊಟ್ಟಿಯಲ್ಲಿ ನೀರು ಕುದಿಯುತ್ತಿರುವಷ್ಟು ಕಾಲ ಅದರ ಕಾವು ಸುಮಾರು 100 ಡಿಗ್ರಿಯನ್ನು ಮೀರಲಾರದು.

ಎಲ್ಲವನ್ನೂ ಕೂರಿಸಿ, ಮನೆಯ ಮುಂದಣ ಅಂಗಳದಲ್ಲಿ ಚಕ್ರಕ್ಕೆ ಹಗ್ಗ ಸುತ್ತಿ ಎಳೆದೆವು. ಎಂಜಿನು ಓಡಲಿಲ್ಲ. ಸಂಜೆಯವರೆಗೂ ಎಳೆದೆವು, ಓಡಲಿಲ್ಲ. ತಂಗಿಗೆ ಅಳುವೇ ಬಂದಿತು. ಆಗ ಅಜ್ಜನವರು ನಮ್ಮನ್ನು ಜಗುಲಿಯ ಮೇಲೆ ಕೂರಿಸಿ, "ಇದುವರೆಗೆ ನೀವು ಮಾಡಿದ್ದು ಆಟ. ಎಂಜಿನಿನ ಪಾಠ ಇನ್ನು ಮೇಲೆ" ಎಂದು ಹೇಳಿ ಮೂರು ಪ್ರಶ್ನೆಗಳನ್ನು ಕಲಿಸಿದರು. ಒಂದನೆಯದು, ಕಿಡಿ ಉಂಟೇ, ಸಮಯಕ್ಕೆ ಬರುವುದೇ? ಎರಡನೆಯದು, ಒತ್ತು ಉಂಟೇ, ಸೋರಿಹೋಗುವುದೇ? ಮೂರನೆಯದು, ಆಹಾರ ಉಂಟೇ, ಹದದಲ್ಲಿರುವುದೇ? ಈ ಮೂರೂ ಸರಿಯಾಗಿದ್ದರೆ ಎಂಜಿನಿಗೆ ಓಡದೆ ಗತಿಯಿಲ್ಲ. ಒಂದನ್ನು ಪೂರ್ತಿ ಪರೀಕ್ಷಿಸದೆ ಮತ್ತೊಂದನ್ನು ಮುಟ್ಟಕೂಡದು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎರಡನ್ನು ಕೂಡಿಯೇ ಬದಲಿಸಿದರೆ ರೋಗವು ಯಾವುದರಿಂದ ವಾಸಿಯಾಯಿತೆಂಬುದು ಎಂದಿಗೂ ತಿಳಿಯದು.

ಆ ಕ್ರಮದಿಂದಲೇ ನಡೆದೆವು. ಮೊದಲು ಪೆಟ್ರೋಲಿನ ಡಬ್ಬಿಯನ್ನು ದೂರಕ್ಕೊಯ್ದಿಟ್ಟು, ಪ್ಲಗ್ಗನ್ನು ಬಿಚ್ಚಿ ಎಂಜಿನಿನ ಮೈಗೆ ತಾಗಿಸಿ, ಚಕ್ರ ತಿರುಗಿಸಿ ನೋಡಲು, ನೀಲಿಯಾಗಿ ಚಟಚಟಿಸಬೇಕಾದ ಕಿಡಿಯು ಹಳದಿಯಾಗಿ ಸೊರಗಿತ್ತು. ವಿದ್ಯುತ್ತನ್ನು ಕಡಿದು ಕೂಡಿಸುವ ಪಾಯಿಂಟುಗಳ ನಡುವೆ ಎಣ್ಣೆಯ ಪಸೆ ಹಿಡಿದಿತ್ತು. ಶುಚಿಯಾದ ಕಾಗದದ ಚೂರನ್ನು ನಡುವೆ ಸೇರಿಸಿ ಎಳೆದ ಮೇಲೆ ಕಿಡಿ ಗಟ್ಟಿಯಾಯಿತು. ಆದರೂ ಎಂಜಿನು ಒಮ್ಮೆ ಕೆಮ್ಮಿ ಸುಮ್ಮನಾಯಿತು.

ಎರಡನೆಯ ಪ್ರಶ್ನೆ. ಚಕ್ರವನ್ನು ಮೆಲ್ಲನೆ ತಿರುಗಿಸಿದರೆ ಒತ್ತುವ ಹೊಡೆತದಲ್ಲಿ ಅದು ಸ್ಪ್ರಿಂಗಿನಂತೆ ಹಿಂದಕ್ಕೆ ಪುಟಿಯಬೇಕು. ನಮ್ಮದು ಪುಟಿಯಲಿಲ್ಲ. ಹಾಗಾದರೆ ಸೋರುವುದೆಲ್ಲಿ? ಪ್ಲಗ್ಗಿನ ರಂಧ್ರದಿಂದ ಎರಡು ತೊಟ್ಟು ಎಣ್ಣೆಯನ್ನು ಬಿಟ್ಟು ಮತ್ತೆ ತಿರುಗಿಸಬೇಕು. ಎಣ್ಣೆಯು ಪಿಸ್ಟನ್ನಿನ ಸಂದನ್ನು ಮುಚ್ಚುವುದು. ಆಗ ಒತ್ತು ಹೆಚ್ಚಿದರೆ ದೋಷವು ಪಿಸ್ಟನ್ನಿನಲ್ಲಿ, ಹೆಚ್ಚದಿದ್ದರೆ ವಾಲ್ವುಗಳಲ್ಲಿ. ನಮ್ಮದು ಹೆಚ್ಚಲಿಲ್ಲ. ತಲೆಯನ್ನು ಬಿಚ್ಚಿ, ವಾಲ್ವುಗಳ ಹಿಂದಣ ದಾರಿಯಲ್ಲಿ ಸೀಮೆಎಣ್ಣೆಯನ್ನು ತುಂಬಿ ನೋಡಿದಾಗ, ಹೊಗೆಯ ವಾಲ್ವಿನ ಅಂಚಿನಿಂದ ಅದು ಒಸರುತ್ತಿತ್ತು. ಆ ವಾಲ್ವಿಗೆ ಅರೆಪನ್ನು ಹಚ್ಚಿ, ಅದರ ಪೀಠದಲ್ಲಿ ಹಿಂದೆ ಮುಂದೆ ಆಡಿಸಿ ಅರೆದೆವು. ಸುತ್ತಲೂ ಮುರಿಯದ ಒಂದು ಬೂದುಬಣ್ಣದ ಉಂಗುರವು ಮೂಡುವವರೆಗೂ ಅರೆದು, ಅರೆಪಿನ ಕಣವೊಂದೂ ಉಳಿಯದಂತೆ ತೊಳೆದೆವು.

ಈ ಸಲ ಎಂಜಿನು ಏಳೆಂಟು ಹೊಡೆತ ಹೊಡೆದು, ಕಪ್ಪು ಹೊಗೆಯುಗುಳಿ ನಿಂತಿತು. ಪ್ಲಗ್ಗನ್ನು ನೋಡಿದರೆ ಮಸಿ. ಆಹಾರವು ಹದ ಮೀರಿತ್ತೆಂಬುದಕ್ಕೆ ಇದೇ ಸಾಕ್ಷಿ. ಇದರಲ್ಲಿ ಬೆಟ್ಟದ ನಾಡಿನ ಒಂದು ವಿಶೇಷವೂ ಅಡಗಿದೆ. ಸಮುದ್ರಮಟ್ಟದಿಂದ ಸಾವಿರ ಮೀಟರ್ ಎತ್ತರದಲ್ಲಿ ಗಾಳಿಯು ಸುಮಾರು ಹತ್ತರಲ್ಲೊಂದು ಪಾಲು ತೆಳುವಾಗಿರುತ್ತದೆ. ಮಂಗಳೂರಿನ ಕಡಲತೀರದಲ್ಲಿ ಹದವಾಗಿದ್ದ ಸೂಜಿಯು ಘಟ್ಟದ ಮೇಲೆ ಹೆಚ್ಚು ಪೆಟ್ರೋಲನ್ನು ಬಿಟ್ಟಂತಾಗುವುದು. ತಿರುಪನ್ನು ಕಾಲು ಸುತ್ತು ಬಿಗಿದೆವು. ಎಂಜಿನು ಓಡಿತು! ಅಂಗಳದ ಕೋಳಿಗಳೆಲ್ಲಾ ಚದರಿ ಓಡಿದುವು. ಲೈನಿನ ಮಕ್ಕಳೆಲ್ಲಾ ನೆರೆದರು.

ಆದರೆ ಎರಡು ನಿಮಿಷ ಓಡಿ ಮತ್ತೆ ನಿಂತಿತು. ತುಸು ತಡೆದು ಎಳೆದರೆ ಓಡುವುದು. ಎರಡು ನಿಮಿಷಕ್ಕೆ ನಿಲ್ಲುವುದು. ಕಾರ್ಬುರೇಟರನ್ನು ಮೂರು ಬಾರಿ ಬಿಚ್ಚಿ ಊದಿದೆವು, ಕಸವೇನೂ ಇರಲಿಲ್ಲ. ನಾಲ್ಕನೆಯ ಸಲ ನಿಲ್ಲುತ್ತಿರುವಾಗ ಅಜ್ಜನವರು ಮಾತಾಡದೆ ಪೆಟ್ರೋಲಿನ ಡಬ್ಬಿಯ ಮುಚ್ಚಳವನ್ನು ಸಡಿಲಿಸಿದರು. "ಸುಯ್" ಎಂದು ಗಾಳಿ ಒಳನುಗ್ಗಿತು. ಎಂಜಿನು ನಿಲ್ಲದೆ ಓಡುತ್ತಾ ಹೋಯಿತು. ಮುಚ್ಚಳದಲ್ಲಿ ನಾವು ಗಾಳಿಯ ರಂಧ್ರವನ್ನು ಬಿಟ್ಟಿರಲಿಲ್ಲ. ಪೆಟ್ರೋಲು ಹೊರಗೆ ಹೋದಂತೆ ಅದರ ಸ್ಥಾನಕ್ಕೆ ಗಾಳಿಯು ಬಾರದೆ, ಡಬ್ಬಿಯೇ ಪೆಟ್ರೋಲನ್ನು ಹಿಂದಕ್ಕೆ ಹಿಡಿದೆಳೆಯುತ್ತಿತ್ತು. ಸೂಜಿಯ ಮೊನೆಯಷ್ಟು ರಂಧ್ರವನ್ನು ಕೊರೆದುದೇ ಆ ರೋಗಕ್ಕೆ ಮದ್ದಾಯಿತು.

ಇಂಥ ಎಂಜಿನನ್ನು ಮಾಡಬಯಸುವ ಸೋದರಿಯರಿಗೆ ಕೆಲವು ಎಚ್ಚರಿಕೆಯ ಮಾತುಗಳು. ಪೆಟ್ರೋಲಿನ ಆವಿಯು ಗಾಳಿಗಿಂತ ಭಾರವಾದುದರಿಂದ ನೆಲದ ಮೇಲೆ ಹರಿದು ದೂರದ ಒಲೆಯನ್ನೂ ಮುಟ್ಟೀತು. ಬಿಸಿಯಾಗಿರುವ ಎಂಜಿನಿಗೆ ಪೆಟ್ರೋಲು ತುಂಬಲೇಕೂಡದು. ಎಂಜಿನಿನ ಹೊಗೆಯಲ್ಲಿ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡೆಂಬ ವಿಷವಿರುವುದರಿಂದ ಮುಚ್ಚಿದ ಕೋಣೆಯಲ್ಲಿ ಓಡಿಸಬಾರದು. ಜಡೆಯನ್ನು ಎತ್ತಿ ಕಟ್ಟಿ, ಸೆರಗನ್ನೂ ದುಪಟ್ಟಾವನ್ನೂ ಬಿಗಿದುಕೊಂಡಲ್ಲದೆ ತಿರುಗುವ ಚಕ್ರದ ಬಳಿಗೆ ಹೋಗಬಾರದು. ಬಲ್ಲ ಹಿರಿಯರೊಬ್ಬರು ಹತ್ತಿರವಿಲ್ಲದೆ ಈ ಕೆಲಸಕ್ಕೆ ಕೈಹಾಕಲೇಬಾರದು.

ಜೂನ್ ತಿಂಗಳಲ್ಲಿ ಶಾಲೆಗೆ ಮರಳಿ ಈ ಸಂಗತಿಯನ್ನು ಹೇಳಿದಾಗ, ಕೆಲವರು ಹುಡುಗಿಯರಿಗೆ ಇದೆಲ್ಲ ಏಕೆಂದು ನಕ್ಕರು. ನಮ್ಮ ವಿಜ್ಞಾನದ ಉಪಾಧ್ಯಾಯಿನಿಯವರು ನಗಲಿಲ್ಲ. ಅವರು ಬರ್ತಾ ಬೆನ್ಸ್ ಎಂಬ ಸ್ತ್ರೀಯ ಚರಿತ್ರೆಯನ್ನು ನಮಗೆ ಹೇಳಿದರು. ಆಕೆಯ ಗಂಡನಾದ ಕಾರ್ಲ್ ಬೆನ್ಸನು 1886ರಲ್ಲಿ ಪೆಟ್ರೋಲ್ ಗಾಡಿಗೆ ಪೇಟೆಂಟನ್ನು ಪಡೆದಿದ್ದನು. ಆದರೆ ಜನರಿಗೆ ಅದರಲ್ಲಿ ನಂಬಿಕೆ ಬಂದಿರಲಿಲ್ಲ. 1888ರ ಆಗಸ್ಟಿನಲ್ಲಿ ಬರ್ತಾ, ಗಂಡನಿಗೆ ಮುಂದಾಗಿ ತಿಳಿಸದೆ, ತನ್ನ ಇಬ್ಬರು ಗಂಡುಮಕ್ಕಳೊಡನೆ ಆ ಗಾಡಿಯನ್ನು ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿನವರೆಗೆ 100 ಕಿಲೋಮೀಟರಿಗಿಂತ ಹೆಚ್ಚು ದೂರ ಓಡಿಸಿಕೊಂಡು ಹೋದಳು. ದಾರಿಯಲ್ಲಿ ಇಂಧನದ ಕೊಳವೆ ಕಟ್ಟಿಕೊಳ್ಳಲು ತನ್ನ ಟೋಪಿಯ ಪಿನ್ನಿನಿಂದ ಅದನ್ನು ಬಿಡಿಸಿದಳು. ಕಿಡಿಯ ತಂತಿಯ ಹೊದಿಕೆ ಕೆಡಲು ಕಾಲುಚೀಲದ ಪಟ್ಟಿಯನ್ನು ಅದಕ್ಕೆ ಸುತ್ತಿದಳು. ಬ್ರೇಕಿನ ಕಟ್ಟಿಗೆ ಸವೆಯಲು ಚಮ್ಮಾರನೊಬ್ಬನಿಂದ ತೊಗಲನ್ನು ಹೊಡೆಸಿದಳು. ಇಂಧನ ಮುಗಿಯಲು ವೀಸ್‌ಲೋಖ್ ಎಂಬ ಊರಿನ ಔಷಧದಂಗಡಿಯಲ್ಲಿ ಅದನ್ನು ಕೊಂಡಳು. ಆ ಪಿನ್ನಿನ ಮಾತು ಬಂದಾಗ ನಮಗೆ ನಮ್ಮ ಸೂಜಿಯು ನೆನಪಾಯಿತು, ನಕ್ಕವರೂ ಸುಮ್ಮನಾದರು.

ಇನ್ನು ಕಡೆಯ ಮಾತು. ಅದೇ ವರ್ಷದ ಕ್ರಿಸ್‌ಮಸ್ ರಜೆಯಲ್ಲಿ ನಾವು ಊರಿನಲ್ಲಿದ್ದೆವು. ಒಂದು ಸಂಜೆ, ಹಣ್ಣಿನ ಮೂಟೆಗಳು ಪಲ್ಪರ್ ಮನೆಗೆ ಬಂದು ಬಿದ್ದಿರುವಾಗ, ವಿದ್ಯುತ್ತು ಹೋಯಿತು. ಡೀಸೆಲ್ ಎಂಜಿನನ್ನು ಹಚ್ಚಿದರು. ಅರ್ಧ ಗಂಟೆ ಓಡಿ ನಿಂತಿತು. ಮತ್ತೆ ಹಚ್ಚಿದರೆ ಏಳದು. ಅಜ್ಜನವರು ಜ್ವರದಿಂದ ಮಲಗಿದ್ದರು. ಪೇಟೆಯ ಮೆಕ್ಯಾನಿಕ್ಕು ಬೆಳಿಗ್ಗೆಯಲ್ಲದೆ ಬರಲಾರನು. ಅಜ್ಜನವರು ನಮ್ಮನ್ನು ಕರೆದು, "ಹೋಗಿ ಕೇಳಿರಿ. ಕ್ರಮ ಮಾತ್ರ ಬಿಡಬೇಡಿ" ಎಂದರು.

ಡೀಸೆಲ್ ಎಂಜಿನಿಗೆ ಕಿಡಿಯಿಲ್ಲ. ರುಡೋಲ್ಫ್ ಡೀಸೆಲನು 1897ರಲ್ಲಿ ಆಗ್ಸ್‌ಬರ್ಗಿನಲ್ಲಿ ಓಡಿಸಿ ತೋರಿಸಿದ ಈ ಬಗೆಯ ಎಂಜಿನಿನಲ್ಲಿ ಗಾಳಿಯನ್ನು ಬಹಳ ಬಲವಾಗಿ ಒತ್ತುವುದರಿಂದ ಅದು ತಾನೇ ಕೆಂಡದಂತೆ ಕಾಯುವುದು. ಅದರಲ್ಲಿ ಚಿಮ್ಮಿದ ಎಣ್ಣೆಯು ತಾನಾಗಿ ಹೊತ್ತುವುದು. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡವು ಬಿಸಿಯಾಗುವುದೂ ಈ ಕಾರಣದಿಂದಲೇ. ಆದುದರಿಂದ ನಮ್ಮ ಮೂರು ಪ್ರಶ್ನೆಗಳಲ್ಲಿ ಎರಡೇ ಉಳಿದುವು. ರೈಟರು ನಮ್ಮನ್ನು ಕಂಡು, "ನೀವೇನು ಮಾಡುತ್ತೀರಿ ಮಕ್ಕಳೇ?" ಎಂದರು. "ಮುಟ್ಟುವುದಿಲ್ಲ ರೈಟರೇ, ಮೊದಲು ನೋಡುತ್ತೇವೆ" ಎಂದೆವು. ಆಳುಗಳು ಹ್ಯಾಂಡಲನ್ನು ತಿರುಗಿಸಲು ಒತ್ತು ಗಟ್ಟಿಯಾಗಿತ್ತು. ಉಳಿದುದು ಆಹಾರ. ಕಂದೀಲನ್ನೆತ್ತಿ ಮೇಲಿನ ಟ್ಯಾಂಕನ್ನು ನೋಡಿದೆವು. ಮಳೆಗಾಲದಲ್ಲಿ ಸೂರಿನ ನೀರು ಬೀಳದಿರಲೆಂದು ಅದರ ಬಾಯಿಗೆ ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಕಟ್ಟಿದ್ದರು. ಹಾಳೆಯು ಒಳಕ್ಕೆ ಸೆಳೆದುಕೊಂಡು ಗುಳಿಬಿದ್ದಿತ್ತು! ನಾವಿಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿದೆವು. ಅದನ್ನು ಬಿಚ್ಚಿಸಿ, ಪಂಪಿನ ಬಳಿಯ ತಿರುಪನ್ನು ಸಡಿಲಿಸಿ, ಕೊಳವೆಯಲ್ಲಿ ಸೇರಿದ್ದ ಗಾಳಿಯ ಗುಳ್ಳೆಗಳೆಲ್ಲಾ ಹೋಗಿ ಬರೀ ಎಣ್ಣೆಯು ಬರುವವರೆಗೂ ಹರಿಯಬಿಟ್ಟು, ಮತ್ತೆ ಬಿಗಿಸಿದೆವು. ಹೆಬ್ಬೆರಳನ್ನು ಉಳಿದ ಬೆರಳುಗಳ ಕಡೆಗೇ ಇಟ್ಟು ಹ್ಯಾಂಡಲನ್ನು ಹಿಡಿಯಿರೆಂದು ಆಳುಗಳಿಗೆ ನೆನಪುಮಾಡಿದೆವು. ಎಂಜಿನು ಹಿಂದಕ್ಕೆ ಒದೆದರೆ ಹೆಬ್ಬೆರಳು ಮುರಿಯುವುದುಂಟು. ಮೂರನೆಯ ಸುತ್ತಿಗೆ ಅದು ಎದ್ದಿತು.

ಆ ರಾತ್ರಿ ಹನ್ನೊಂದರವರೆಗೆ ಪಲ್ಪರು ನಡೆಯಿತು, ಹಣ್ಣು ಕೆಡಲಿಲ್ಲ. ಮನೆಗೆ ಬಂದು ಹೇಳಿದಾಗ ಅಜ್ಜನವರು, "ಸದ್ದು ಇಲ್ಲಿಗೆ ಕೇಳಿಸಿತು" ಎಂದಷ್ಟೇ ಹೇಳಿ ಮಗ್ಗುಲಾದರು. ಮರುವರ್ಷ ಅವರು ತೀರಿಕೊಂಡರು. ಕಿರು ಎಂಜಿನು ಈಗಲೂ ನಮ್ಮ ಮನೆಯಲ್ಲಿರುತ್ತದೆ. ರಜೆಗೆ ಹೋದಾಗ ನಾವು ಅದನ್ನು ತೊಳೆದು, ಎಣ್ಣೆ ಬಿಟ್ಟು, ಒಮ್ಮೆ ಓಡಿಸುತ್ತೇವೆ. ಒಂದೊಂದು ಸಲ ಅದು ಓಡದೆ ನಿಲ್ಲುವುದೂ ಉಂಟು. ಆಗ ನಾವು ಜಗುಲಿಯ ಮೇಲೆ ಕೂತು, ಮೊದಲನೆಯ ಪ್ರಶ್ನೆಯಿಂದ ಪ್ರಾರಂಭಿಸುತ್ತೇವೆ.